ಇಂಡಕ್ಷನ್ ಫರ್ನೇಸ್ ಹಾಕಿದ್ದಾಯಿತು, ಇನ್ನೂ ಯಾವ ಲೆಕ್ಕ ಕೊಡಬೇಕು?

ಪ್ರಶ್ನೆ: ಮೇಡಂ, ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ತಿಂಗಳಿಗೆ ಸುಮಾರು 150 ಟನ್ ಬೀಡಿನ (ಎರಕದ ಕಬ್ಬಿಣದ) ಕಾಸ್ಟಿಂಗ್ ಮಾಡುತ್ತೇವೆ. ಹೆಚ್ಚಿನದು ಪಂಪಿನ ಕೇಸಿಂಗ್ (ಹೊರಕವಚ) ಮತ್ತು ಇಂಪೆಲ್ಲರ್ (ನೀರು ತಳ್ಳುವ ಚಕ್ರ). ಪುಣೆಯ ಗಿರಾಕಿಯೊಬ್ಬರು ಪ್ರತಿ ಐಟಂಗೂ ‘ಲೈಫ್ ಸೈಕಲ್’ ಪರಿಸರ ಲೆಕ್ಕ (ಗಣಿಯಿಂದ ಗುಜರಿಯವರೆಗಿನ ಹೊರೆ) ಕೊಡಿ ಅಂತ ಕೇಳಿದ್ದಾರೆ. ಒಬ್ಬ ಕನ್ಸಲ್ಟೆಂಟ್ ಹೇಳಿದ ಫೀಸು ಕೇಳಿ ಗಾಬರಿಯಾಯಿತು. ಆರು ವರ್ಷದ ಹಿಂದೆಯೇ ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಉರಿಸುವ ಕ್ಯುಪೋಲಾ ಕುಲುಮೆ ತೆಗೆದು ಕರೆಂಟಿನಿಂದ ಕರಗಿಸುವ ಇಂಡಕ್ಷನ್ ಫರ್ನೇಸ್ ಹಾಕಿದ್ದೇವೆ. ಹೊಗೆಯೇ ಇಲ್ಲ. ಹಾಗಾದರೆ ನಮ್ಮದು ಕ್ಲೀನ್ ಅಲ್ವಾ? ಈ ಲೆಕ್ಕ ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮ್ಮ ‘ಕ್ಲೀನ್ ಅಲ್ವಾ’ ಅನ್ನುವ ಮಾತಿನಿಂದಲೇ ಶುರು ಮಾಡುತ್ತೇನೆ. ಹೊಗೆ ನಿಲ್ಲಿಸಿದ್ದು ದೊಡ್ಡ ಕೆಲಸ. ಸುತ್ತಲಿನ ಮನೆಗಳಿಗೂ ನಿಮ್ಮ ಕೆಲಸಗಾರರಿಗೂ ಅದರಿಂದ ಒಳ್ಳೆಯದಾಗಿದೆ. ಆದರೆ ಕಾರ್ಬನ್ ಡೈಆಕ್ಸೈಡ್ ಲೆಕ್ಕ ಬೇರೆಯೇ ಕಥೆ ಹೇಳುತ್ತದೆ.

ಕ್ಯುಪೋಲಾದಲ್ಲಿ ಒಂದು ಟನ್ ಲೋಹ ಕರಗಿಸಲು 120 ಕೆಜಿ ಕೋಕ್ ಬೇಕು ಅಂತಿಟ್ಟುಕೊಳ್ಳಿ. ಒಂದು ಕೆಜಿ ಕೋಕ್ ಉರಿದರೆ ಸುಮಾರು 3 ಕೆಜಿ ಕಾರ್ಬನ್ ಡೈಆಕ್ಸೈಡ್. ಅಂದರೆ 360 ಕೆಜಿ. ಈಗ ಇಂಡಕ್ಷನ್ ನೋಡಿ. ಒಂದು ಟನ್ ಕರಗಿಸಲು ಒಳ್ಳೆಯ ಫರ್ನೇಸಿಗೂ 550ರಿಂದ 650 ಯೂನಿಟ್ ಬೇಕು. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿ ಕಾರ್ಬನ್ ಡೈಆಕ್ಸೈಡ್ ಬೀಳುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುವ ಅಂಕಿಯೂ ಇದರ ಆಸುಪಾಸಿನಲ್ಲೇ ಇರುತ್ತದೆ. 600 ಯೂನಿಟ್‌ಗೆ 420 ಕೆಜಿ ಆಯಿತು. ಕೋಕ್ ತಯಾರಿಸುವಾಗ ಆಗುವ ಹೊರೆಯನ್ನೂ ಕ್ಯುಪೋಲಾ ಲೆಕ್ಕಕ್ಕೆ ಸೇರಿಸಿದರೆ ಎರಡೂ ಹೆಚ್ಚುಕಡಿಮೆ ಸಮ. ನಿಮ್ಮ ಚಿಮಣಿಯಲ್ಲಿ ಹೋಗುತ್ತಿದ್ದದ್ದು ಈಗ ರಾಯಚೂರು, ಕುಡತಿನಿಯಂಥ ಕಡೆಯ ಉಷ್ಣ ಸ್ಥಾವರಗಳ ಚಿಮಣಿಯಲ್ಲಿ ಹೋಗುತ್ತಿದೆ.

ಹಾಗಂತ ಕ್ಯುಪೋಲಾ ತೆಗೆದದ್ದು ತಪ್ಪು ಅಂತ ಖಂಡಿತ ಹೇಳುತ್ತಿಲ್ಲ. ಗಂಧಕದ ಹೊಗೆ ಮತ್ತು ದೂಳು ಎರಡೂ ತುಂಬ ಕಡಿಮೆಯಾಗಿವೆ. ಇಂಡಕ್ಷನ್‌ನಿಂದ ಇನ್ನೊಂದು ದೊಡ್ಡ ಲಾಭವೂ ಇದೆ. ಅದನ್ನು ನೀವು ಇನ್ನೂ ಪೂರ್ತಿ ಬಳಸಿಕೊಂಡಿರಲಿಕ್ಕಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ. ಲೈಫ್ ಸೈಕಲ್ ಲೆಕ್ಕ ಯಾಕೆ ಹುಟ್ಟಿತು ಅನ್ನುವುದಕ್ಕೆ ನಿಮ್ಮ ಫರ್ನೇಸೇ ಒಳ್ಳೆಯ ಉದಾಹರಣೆ. ಒಂದು ಕಡೆ ಹೊರೆ ಇಳಿಸಿದಾಗ ಅದು ನಿಜಕ್ಕೂ ಇಳಿಯಿತೋ, ಇಲ್ಲ ಬೇರೆ ಊರಿಗೆ ಹೋಯಿತೋ? ಇದನ್ನು ತಿಳಿಯಲು ಗೇಟಿನ ಆಚೆಗೂ ನೋಡಬೇಕು.

ಈ ಪದ್ಧತಿ ಹೊಸದೇನೂ ಅಲ್ಲ. 1969ರಲ್ಲಿ ಅಮೆರಿಕದ ಕೋಕಾಕೋಲಾ ಕಂಪನಿ ಗಾಜಿನ ಬಾಟಲಿ ಒಳ್ಳೆಯದೋ ಬೇರೆ ಪ್ಯಾಕಿಂಗ್ ಒಳ್ಳೆಯದೋ ಅಂತ ತಿಳಿಯಲು ಇಂಥ ಲೆಕ್ಕ ಹಾಕಿಸಿತ್ತು. ಈಗ ಇದಕ್ಕೆ ಐಎಸ್‌ಒ 14040 ಮತ್ತು 14044 ಎಂಬ ಮಾನದಂಡಗಳಿವೆ. ಬರೀ ಕಾರ್ಬನ್ ಲೆಕ್ಕಕ್ಕೆ 14067 ಇದೆ. ನಿಮ್ಮ ಗಿರಾಕಿ ಈಗ ಕೇಳುತ್ತಿರುವುದಕ್ಕೂ ಕಾರಣ ಇರಬಹುದು. ದೇಶದ ದೊಡ್ಡ 1,000 ಲಿಸ್ಟೆಡ್ ಕಂಪನಿಗಳು 2022–23ರಿಂದ ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕು ಅಂತ ಸೆಬಿ ನಿಯಮ ಮಾಡಿದೆ. ಯುರೋಪಿಗೆ ಮಾಲು ಕಳಿಸುವವರಿಗೆ ಅಲ್ಲಿನ ಗಡಿ ಕಾರ್ಬನ್ ತೆರಿಗೆಯ ಚಿಂತೆಯೂ ಇದೆ. ಅದರ ವರದಿ ಕೊಡುವ ಹಂತ 2023ರ ಅಕ್ಟೋಬರ್‌ನಲ್ಲಿ ಶುರುವಾಯಿತು, 2026ರ ಜನವರಿಯಿಂದ ಅಲ್ಲಿಗೆ ಹೋಗುವ ಮಾಲಿಗೆ ದುಡ್ಡು ಕಟ್ಟಬೇಕಾಗುತ್ತದೆ. ಆದರೆ ಒಂದು ಎಚ್ಚರಿಕೆ. ಆ ತೆರಿಗೆಯ ಲೆಕ್ಕವೂ ಲೈಫ್ ಸೈಕಲ್ ಲೆಕ್ಕವೂ ಒಂದೇ ಅಲ್ಲ. ಅಲ್ಲಿ ಕಬ್ಬಿಣ-ಉಕ್ಕಿನ ಮಾಲಿಗೆ ಕರೆಂಟಿನ ಹೊರೆ ಹಿಡಿಯುವುದಿಲ್ಲ, ಇಲ್ಲಿ ಹಿಡಿಯಲೇಬೇಕು. ಪಂಪಿನ ಭಾಗಗಳು ಅದರ ಮೊದಲ ಪಟ್ಟಿಯಲ್ಲಿ ಇರಲೂ ಇಲ್ಲ. ಆದ್ದರಿಂದ ಗಿರಾಕಿಗೆ ಯಾವ ಲೆಕ್ಕ ಬೇಕು ಅಂತ ಮೊದಲು ಕೇಳಿ. ‘ಗಣಿಯಿಂದ ನಿಮ್ಮ ಗೇಟಿನವರೆಗೆ ಸಾಕಾ, ಪಂಪು ಗುಜರಿಗೆ ಹೋಗುವವರೆಗೆ ಬೇಕಾ?’ ಈ ಒಂದು ಪ್ರಶ್ನೆಗೆ ಉತ್ತರ ಬಂದರೆ ಕನ್ಸಲ್ಟೆಂಟ್ ಫೀಸು ಅರ್ಧ ಇಳಿಯಬಹುದು.

ಈಗ ನಿಮ್ಮ ಒಂದು ಟನ್ ಒಳ್ಳೆಯ ಕಾಸ್ಟಿಂಗ್ ತೆಗೆದುಕೊಳ್ಳೋಣ. ನಿಮ್ಮ ಅಂಕಿಗಳು ನನ್ನ ಬಳಿ ಇಲ್ಲ, ಹಾಗಾಗಿ ಇಂಥ ಫೌಂಡ್ರಿಗಳಲ್ಲಿ ಸಾಮಾನ್ಯವಾಗಿ ಕಾಣುವ ಅಂಕಿಗಳನ್ನೇ ಹಿಡಿಯುತ್ತೇನೆ. ನಿಮ್ಮವನ್ನು ಆಮೇಲೆ ತುಂಬಿಕೊಳ್ಳಿ.

ಯೀಲ್ಡ್ (ಕರಗಿಸಿದ್ದರಲ್ಲಿ ಒಳ್ಳೆಯ ಮಾಲಾಗುವ ಪಾಲು) ಶೇ 60 ಅಂದರೆ ಒಂದು ಟನ್ ಮಾಲಿಗೆ 1.67 ಟನ್ ಕರಗಿಸಬೇಕು. ಉಳಿದದ್ದು ರನ್ನರ್ (ಲೋಹ ಹರಿಯುವ ಕಾಲುವೆ), ರೈಸರ್ (ಲೋಹ ಆರಿ ಕುಗ್ಗುವಾಗ ತುಂಬಿಕೊಡುವ ಹೆಚ್ಚುವರಿ ಲೋಹ), ರಿಜೆಕ್ಷನ್ ಆಗಿ ವಾಪಸ್ ಫರ್ನೇಸಿಗೆ ಬರುತ್ತದೆ. ಕರಗಿಸಲು 1,000 ಯೂನಿಟ್. ಸ್ಯಾಂಡ್ ಪ್ಲಾಂಟ್, ಕಂಪ್ರೆಸರ್, ಶಾಟ್ ಬ್ಲಾಸ್ಟ್, ಗ್ರೈಂಡಿಂಗ್ ಎಲ್ಲ ಸೇರಿ ಇನ್ನೊಂದು 400. ಒಟ್ಟು 1,400 ಯೂನಿಟ್, ಅಂದರೆ 980 ಕೆಜಿ ಕಾರ್ಬನ್ ಡೈಆಕ್ಸೈಡ್.

ಮುಂದೆ ಚಾರ್ಜ್, ಅಂದರೆ ಫರ್ನೇಸಿಗೆ ಹಾಕುವ ಲೋಹ. ಒಂದು ಟನ್ ಚಾರ್ಜಿಗೆ 250 ಕೆಜಿ ಪಿಗ್ ಐರನ್ ಹಾಕುತ್ತೀರಿ ಅಂತಿಟ್ಟುಕೊಳ್ಳಿ. ಒಂದು ಟನ್ ಒಳ್ಳೆಯ ಮಾಲಿಗೆ ಅದು 417 ಕೆಜಿ ಆಗುತ್ತದೆ. ಹೊಸಪೇಟೆ-ಕೊಪ್ಪಳ ಕಡೆಯ ಊದುಕುಲುಮೆಯಲ್ಲಿ ಅದಿರಿಗೆ ಕೋಕ್ ಹಾಕಿ ತೆಗೆದ ಕಬ್ಬಿಣ ಅದು. ಒಂದು ಕೆಜಿ ಪಿಗ್ ಐರನ್ನಿನ ಹಿಂದೆ ಸುಮಾರು 2 ಕೆಜಿ ಕಾರ್ಬನ್ ಡೈಆಕ್ಸೈಡ್ ಇರುತ್ತದೆ. ಅಲ್ಲಿಗೆ 830 ಕೆಜಿ ಬಂತು. ಇದು ನಿಮ್ಮ ಹೆಸ್ಕಾಂ ಬಿಲ್ಲಿನಲ್ಲಿ ಕಾಣುವುದಿಲ್ಲ, ನಿಮ್ಮ ಗೇಟಿನ ಒಳಗೆ ಎಲ್ಲೂ ಕಾಣುವುದಿಲ್ಲ. ಆದರೆ ನಿಮ್ಮ ಇಡೀ ಕರೆಂಟಿನ ಹೊರೆಗೆ ಹತ್ತಿರ ಹತ್ತಿರ ಬರುತ್ತದೆ!

ಸಿಲಿಕಾನ್ ಪ್ರಮಾಣ ಹೊಂದಿಸಲು ಹಾಕುವ ಫೆರೋ ಸಿಲಿಕಾನ್ ಕೂಡ ಹಾಗೆಯೇ. ಹಾಕುವುದು ಟನ್ನಿಗೆ ಹತ್ತು ಹದಿನೈದು ಕೆಜಿ. ಆದರೆ ಒಂದು ಕೆಜಿ ಫೆರೋ ಸಿಲಿಕಾನ್ ತಯಾರಿಸಲು 8ರಿಂದ 9 ಯೂನಿಟ್ ಕರೆಂಟು ಬೇಕು. ಫರ್ನೇಸಿನ ಮುಂದೆ ನಿಂತವರು ಸುಮ್ನೆ ಅಂದಾಜಿನಲ್ಲಿ ಒಂದು ಬುಟ್ಟಿ ಜಾಸ್ತಿ ಎಸೆದರೆ ಏನು ಹೋಯಿತು ಅಂತ ಇದರಿಂದ ಗೊತ್ತಾಗುತ್ತದೆ.

ಸಾಗಣೆಯ ಬಗ್ಗೆ ಎಲ್ಲರಿಗೂ ಮೊದಲು ಚಿಂತೆ. ಬೆಳಗಾವಿಯಿಂದ ಪುಣೆಗೆ ಸುಮಾರು 340 ಕಿಲೋಮೀಟರ್. ತುಂಬಿದ ಲಾರಿಯಲ್ಲಿ ಕಳಿಸಿದರೆ ಟನ್ನಿಗೆ 30-40 ಕೆಜಿ ಅಷ್ಟೇ. ಲಾರಿ ಖಾಲಿ ಹೋಗದಂತೆ ನೋಡಿಕೊಳ್ಳಿ, ಅದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ.

ಎಲ್ಲ ಕೂಡಿಸಿದರೆ ಒಂದು ಟನ್ ಕಾಸ್ಟಿಂಗಿಗೆ ಎರಡು ಟನ್ ಆಸುಪಾಸು ಬರುತ್ತದೆ. ಅದರಲ್ಲಿ ಎರಡೇ ದೊಡ್ಡ ತುಂಡುಗಳು, ಕರೆಂಟು ಮತ್ತು ಪಿಗ್ ಐರನ್.

ಇಂಡಕ್ಷನ್ನಿನ ಇನ್ನೊಂದು ಲಾಭ ಅಂದೆನಲ್ಲ, ಅದು ಇಲ್ಲಿದೆ. ಕ್ಯುಪೋಲಾದಲ್ಲಿ ಉಕ್ಕಿನ ಸ್ಕ್ರ್ಯಾಪ್ ಜಾಸ್ತಿ ಹಾಕುವುದು ಕಷ್ಟ. ಇಂಡಕ್ಷನ್‌ನಲ್ಲಿ ಉಕ್ಕಿನ ಸ್ಕ್ರ್ಯಾಪ್ ಹಾಕಿ, ಕಾರ್ಬುರೈಸರ್ (ಕಾರ್ಬನ್ ಪುಡಿ) ಮತ್ತು ಫೆರೋ ಸಿಲಿಕಾನ್ ಸೇರಿಸಿ ಗ್ರೇಡ್ ಹೊಂದಿಸಬಹುದು. ಪಿಗ್ ಐರನ್ ಅರ್ಧಕ್ಕೆ ಇಳಿಸಿದರೆ ಟನ್ನಿಗೆ 400 ಕೆಜಿ ಕಾರ್ಬನ್ ಡೈಆಕ್ಸೈಡ್ ಉಳಿಯುತ್ತದೆ. ಗೇಟಿನವರೆಗಿನ ಲೆಕ್ಕದಲ್ಲಿ ಬೇರೆ ಒಂದೇ ಬದಲಾವಣೆಯಿಂದ ನಿಮಗೆ ಇಷ್ಟು ಸಿಗುವುದು ಕಷ್ಟ. ಹೆಚ್ಚಾಗಿ ಖರ್ಚೂ ಇಳಿಯುತ್ತದೆ.

ಆದರೆ ಅವಸರ ಬೇಡ. ಕಳಪೆ ಕಾರ್ಬುರೈಸರ್‌ನಲ್ಲಿ ನೈಟ್ರೋಜನ್ ಜಾಸ್ತಿ ಇದ್ದರೆ ಕಾಸ್ಟಿಂಗಿನಲ್ಲಿ ಸಣ್ಣ ಸಣ್ಣ ತೂತು ಬೀಳುತ್ತದೆ. ಸ್ಕ್ರ್ಯಾಪಿನಲ್ಲಿ ಮ್ಯಾಂಗನೀಸ್ ಏರಿದರೆ ಗಂಧಕದ ಜೊತೆಗಿನ ಹೊಂದಾಣಿಕೆ ತಪ್ಪುತ್ತದೆ. ಸತು ಲೇಪಿಸಿದ ತಗಡು ಬಂದರೆ ಬಿಳಿ ಹೊಗೆ, ಲೈನಿಂಗಿಗೂ ಪೆಟ್ಟು. ಇನಾಕ್ಯುಲೇಶನ್ (ಸುರಿಯುವ ಮುಂಚೆ ಸ್ವಲ್ಪ ಮಿಶ್ರಲೋಹದ ಪುಡಿ ಬೆರೆಸುವುದು) ಸರಿಯಾಗದಿದ್ದರೆ ಅಂಚುಗಳು ಗಡುಸಾಗಿ ಮಷಿನ್ ಶಾಪಿನಲ್ಲಿ ಟೂಲ್ ಮುರಿಯುತ್ತದೆ. ಒಂದೊಂದು ಹೆಜ್ಜೆ ಶೇ 5ರಷ್ಟು ಇಳಿಸಿ, ಪ್ರತಿ ಹೀಟಿನ (ಒಂದು ಸಲದ ಕರಗಿಸುವಿಕೆ) ಚಿಲ್ ಟೆಸ್ಟ್ (ಗಡುಸಿನ ಪರೀಕ್ಷೆ) ನೋಡಿ, ಮುಂದೆ ಹೋಗಿ. ಕೆಟ್ಟುಹೋದ ಮಾಲಿನಿಂದ ಯಾವ ಪರಿಸರಕ್ಕೂ ಒಳ್ಳೆಯದಾಗುವುದಿಲ್ಲ.

ಇನ್ನೊಂದು ಪ್ರಾಮಾಣಿಕ ಮಾತು. ಸ್ಕ್ರ್ಯಾಪಿಗೆ ಹೊರೆ ಸೊನ್ನೆ ಅಂತ ಹಿಡಿಯುವುದು ಲೆಕ್ಕದ ಒಂದು ರೂಢಿ ಮಾತ್ರ. ಅದರ ಹಳೆಯ ಹೊರೆ ಮೊದಲು ಬಳಸಿದವರ ತಲೆಗೆ ಹೋಗುತ್ತದೆ. ದೇಶದಲ್ಲಿ ಸ್ಕ್ರ್ಯಾಪ್ ಇರುವುದೇ ಇಷ್ಟು. ನೀವು ಜಾಸ್ತಿ ತೆಗೆದುಕೊಂಡರೆ ಇನ್ನೊಬ್ಬರಿಗೆ ಕಡಿಮೆಯಾಗಬಹುದು. ವರದಿಯಲ್ಲಿ ‘ಸ್ಕ್ರ್ಯಾಪ್ ಹೊರೆ ಸೊನ್ನೆ ಎಂದು ಹಿಡಿದಿದೆ’ ಅಂತ ಸ್ಪಷ್ಟವಾಗಿ ಬರೆಯಿರಿ. ಅದನ್ನು ಬಚ್ಚಿಟ್ಟರೆ ಇಡೀ ವರದಿಯ ಮೇಲಿನ ನಂಬಿಕೆ ಹೋಗುತ್ತದೆ.

ಯೀಲ್ಡ್ ವಿಷಯಕ್ಕೆ ಬನ್ನಿ. ಶೇ 60ರಿಂದ 65ಕ್ಕೆ ಏರಿದರೆ ಟನ್ನಿಗೆ 77 ಯೂನಿಟ್ ಉಳಿತಾಯ. ತಿಂಗಳಿಗೆ 150 ಟನ್ ಮಾಲಿಗೆ 11,500 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ತಿಂಗಳಿಗೆ 80 ಸಾವಿರ. ರೈಸರ್ ಅಳತೆಯನ್ನು ಕಂಪ್ಯೂಟರಿನಲ್ಲಿ ಒಮ್ಮೆ ಪರೀಕ್ಷಿಸಿದರೆ ಅಚ್ಚು ಮೂಡಿಸುವ ಅನೇಕ ಪ್ಯಾಟರ್ನ್‌ಗಳಲ್ಲಿ ಇಷ್ಟು ಸಿಗುತ್ತದೆ. ಹಳೆಯ ಪ್ಯಾಟರ್ನ್‌ಗಳಲ್ಲಿ ‘ಇರಲಿ, ಭದ್ರವಾಗಿರಲಿ’ ಅಂತ ದೊಡ್ಡ ರೈಸರ್ ಇಟ್ಟಿರುತ್ತಾರೆ. ಯಾರೂ ಮುಟ್ಟುವುದಿಲ್ಲ. ರಿಜೆಕ್ಷನ್ ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಅದರಲ್ಲೂ ಗಿರಾಕಿಯ ಮಷಿನ್ ಶಾಪಿನಲ್ಲಿ ಸಿಕ್ಕಿಬಿದ್ದ ತೂತು ಎಲ್ಲಕ್ಕಿಂತ ದುಬಾರಿ. ಹೋಗುವ ಲಾರಿ, ಮಷಿನಿಂಗ್, ಬರುವ ಲಾರಿ, ಮತ್ತೆ ಕರಗಿಸುವುದು. ಎಲ್ಲವೂ ದಂಡ.

ಫರ್ನೇಸ್ ಬಾಯಿಗೆ ಮುಚ್ಚಳ ಇದೆಯೇ? ಲೋಹ ರೆಡಿಯಾದ ಮೇಲೆ ಮೋಲ್ಡಿಗಾಗಿ (ಮರಳಿನ ಅಚ್ಚು) ಎಷ್ಟು ಹೊತ್ತು ಕಾಯುತ್ತೀರಿ? ಲೆಕ್ಕದ ಪ್ರಕಾರ ಒಂದು ಟನ್ ಕಬ್ಬಿಣ ಕರಗಿಸಲು ಬೇಕಾದದ್ದು 400 ಯೂನಿಟ್ಟಿಗಿಂತ ಕಡಿಮೆ. 600ರಲ್ಲಿ ಉಳಿದ 200 ಹೋಗುವುದು ಬಾಯಿಂದ ಹೊರಡುವ ಝಳಕ್ಕೆ, ಫರ್ನೇಸಿನ ಸುತ್ತಲಿನ ಕಾಯಿಲ್ ತಂಪು ಮಾಡುವ ನೀರಿಗೆ, ಕಾಯುವ ಹೊತ್ತಿಗೆ. ಒಂದು ಫೌಂಡ್ರಿಯಲ್ಲಿ ನಾನು ಒಂದು ಪಾಳಿ ಪೂರ್ತಿ ಗಡಿಯಾರ ಹಿಡಿದು ಕೂತಿದ್ದೆ. ಐದರಲ್ಲಿ ಮೂರು ಹೀಟ್‌ಗಳು ಬರೀ ಕ್ರೇನ್ ಖಾಲಿ ಇಲ್ಲ ಅಂತ ಕಾದಿದ್ದವು. ಅಲ್ಲಿ ಬೇಕಾಗಿದ್ದದ್ದು ಮೋಲ್ಡಿಂಗಿನವರೂ ಫರ್ನೇಸಿನವರೂ ಬೆಳಿಗ್ಗೆ ಐದು ನಿಮಿಷ ಕೂತು ಮಾತಾಡುವುದು. ಹೊಸ ಯಂತ್ರದ ಅಗತ್ಯವೇ ಇರಲಿಲ್ಲ. ಕ್ಯುಪೋಲಾ ಕಾಲದಲ್ಲೂ ಕರಗಿಸುವ ರೀತಿ ಬದಲಿಸಿದ್ದರಿಂದಲೇ ಉಳಿತಾಯ ಆಗಿತ್ತು. 1990ರ ದಶಕದ ಕೊನೆಗೆ ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆಯವರು ಹೌರಾದಲ್ಲಿ ಗಾಳಿಯನ್ನು ಎರಡು ಸಾಲಿನಲ್ಲಿ ಊದುವ ಕ್ಯುಪೋಲಾ ಮಾಡಿ ತೋರಿಸಿದಾಗ ಕೋಕ್ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಉಳಿಯಿತು. ಕೋಕ್ ಅದೇ, ಕಬ್ಬಿಣವೂ ಅದೇ.

ಈಗ ಅಚ್ಚು ಮಾಡುವ ಮರಳು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಕಾರ್ಬನ್ ಲೆಕ್ಕದಲ್ಲಿ ಇದು ಸಣ್ಣದಾಗಿ ಕಾಣುತ್ತದೆ. ಒಂದು ಟನ್ ಕಾಸ್ಟಿಂಗಿಗೆ ನಾಲ್ಕರಿಂದ ಆರು ಟನ್ ಮರಳು ತಿರುಗುತ್ತದೆ. ಹೆಚ್ಚಿನದು ಮತ್ತೆ ಮತ್ತೆ ಬಳಕೆಯಾಗುತ್ತದೆ. ಆದರೆ ಪ್ರತಿದಿನ ಒಂದಿಷ್ಟು ಹೊಸ ಮರಳು ಬರುತ್ತದೆ, ಅಷ್ಟೇ ಹಳೆಯದು ಹೊರಗೆ ಹೋಗುತ್ತದೆ. ಆ ಕಪ್ಪು ಮರಳು ಎಲ್ಲಿ ಹೋಗುತ್ತದೆ? ಅನೇಕ ಊರುಗಳಲ್ಲಿ ಹಳ್ಳದ ಬದಿ, ರಸ್ತೆ ಬದಿ ರಾಶಿ ನೋಡಿದ್ದೇನೆ. ಅದರಲ್ಲಿ ಬೆಂಟೋನೈಟ್ ಜೇಡಿ ಇದೆ, ಕೋಲ್ ಡಸ್ಟ್ (ಕಲ್ಲಿದ್ದಲ ಪುಡಿ) ಇದೆ, ಕೋರಿನ (ಕಾಸ್ಟಿಂಗಿನ ಒಳಗೆ ಟೊಳ್ಳು ಮೂಡಿಸುವ ಮರಳಿನ ಗಟ್ಟಿ) ರೆಸಿನ್ ಅಂಟಿನ ಉಳಿಕೆ ಇದೆ. ಕೋರ್ ಮರಳನ್ನು ಮೋಲ್ಡಿಂಗ್ ಮರಳಿನ ಜೊತೆ ಕಲಸಿ ಎಸೆಯಬೇಡಿ. ಬೇರೆ ಇಟ್ಟರೆ ಕಾಯಿಸಿ ರೆಸಿನ್ ಸುಟ್ಟು ಮತ್ತೆ ಬಳಸಲು ಆಗುತ್ತದೆ. ಅಕ್ಕಪಕ್ಕದ ನಾಲ್ಕೈದು ಫೌಂಡ್ರಿಗಳು ಸೇರಿದರೆ ಆ ಯಂತ್ರದ ಖರ್ಚು ಯಾರಿಗೂ ಭಾರವಲ್ಲ. ಬೆಳಗಾವಿಯಂಥ ಊರಿನಲ್ಲಿ ಇದು ಸಾಧ್ಯ, ಯಾಕೆಂದರೆ ಫೌಂಡ್ರಿಗಳು ಗೋಡೆಗೆ ಗೋಡೆ ತಾಗಿಕೊಂಡೇ ಇವೆ.

ಮರಳಿನ ದೂಳು ಯಾರ ಎದೆಗೆ ಹೋಗುತ್ತದೆ ಅನ್ನುವುದು ಇನ್ನೂ ದೊಡ್ಡ ವಿಷಯ. ಸಣ್ಣ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ವಾಸಿ ಮಾಡುವ ಔಷಧವಿಲ್ಲ. ಕಾನೂನಿನಲ್ಲೇ ಅದು ವರದಿ ಮಾಡಲೇಬೇಕಾದ ಕಾಯಿಲೆ. ನಾಕ್‌ಔಟ್ ಮತ್ತು ಫೆಟ್ಲಿಂಗ್‌ನಲ್ಲಿ (ಅಚ್ಚು ಒಡೆದು ಕಾಸ್ಟಿಂಗ್ ತೆಗೆಯುವಲ್ಲಿ, ಅದನ್ನು ಉಜ್ಜಿ ಚೊಕ್ಕ ಮಾಡುವಲ್ಲಿ) ಕೆಲಸ ಮಾಡುವವರು ಮೂಗಿಗೆ ಟವೆಲ್ ಕಟ್ಟಿಕೊಂಡಿರುವುದನ್ನು ನೀವೂ ನೋಡಿರುತ್ತೀರಿ. ಆ ಬಟ್ಟೆಯಿಂದ ಈ ಸಣ್ಣ ದೂಳು ನಿಲ್ಲುವುದಿಲ್ಲ. ಸುರಿಯುವಾಗ ಕೋಲ್ ಡಸ್ಟ್ ಮತ್ತು ರೆಸಿನ್ ಸುಟ್ಟು ಬೆಂಜೀನ್ ಕೂಡ ಹೊರಬರುತ್ತದೆ. ಸಾಮಾನ್ಯವಾಗಿ ಲೈಫ್ ಸೈಕಲ್ ವರದಿಯಲ್ಲಿ ಹೊರಗಿನ ಗಾಳಿಯ ಲೆಕ್ಕ ಇರುತ್ತದೆ, ಶೆಡ್ಡಿನ ಒಳಗಿನ ಗಾಳಿ ಸರಿಯಾಗಿ ಕಾಣುವುದಿಲ್ಲ. ನನ್ನ ಮಟ್ಟಿಗೆ ಇದು ಈ ಪದ್ಧತಿಯ ದೊಡ್ಡ ಕೊರತೆ. ಗಿರಾಕಿ ಕೇಳದಿದ್ದರೂ ದೂಳು ಎಳೆಯುವ ವ್ಯವಸ್ಥೆ ಮತ್ತು ಸರಿಯಾದ ಮಾಸ್ಕಿಗೆ ಮೊದಲು ದುಡ್ಡು ಹಾಕಿ. ಡಸ್ಟ್ ಕಲೆಕ್ಟರ್ ಓಡಿಸಿದರೆ ನಿಮ್ಮ ಯೂನಿಟ್ ಸ್ವಲ್ಪ ಏರುತ್ತದೆ, ಕಾರ್ಬನ್ ಅಂಕಿಯೂ ಏರುತ್ತದೆ. ಏರಲಿ. ಆ ಅಂಕಿ ಇಳಿಸಲು ಕಲೆಕ್ಟರ್ ಆಫ್ ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ.

ಇನ್ನು ಗೇಟಿನ ಆಚೆಗೆ, ನಿಮ್ಮ ಕೇಸಿಂಗ್ ಪಂಪಾಗಿ ರೈತರ ಹೊಲಕ್ಕೆ ಹೋದ ಮೇಲಿನ ಮಾತು. 5 ಎಚ್‌ಪಿ ಪಂಪ್‌ಸೆಟ್ ಕರೆಂಟು ಎಳೆಯುವುದು ಸುಮಾರು 4.4 ಕಿಲೋವ್ಯಾಟ್. ವರ್ಷಕ್ಕೆ 1,000 ಗಂಟೆ ಓಡಿದರೆ 4,400 ಯೂನಿಟ್, ಅಂದರೆ 3 ಟನ್ ಕಾರ್ಬನ್ ಡೈಆಕ್ಸೈಡ್. ಹತ್ತು ವರ್ಷಕ್ಕೆ 30 ಟನ್. ಅದರಲ್ಲಿರುವ ಬೀಡು 40 ಕೆಜಿ ಇದ್ದರೆ, ಅದನ್ನು ಮಾಡಿದ ಹೊರೆ 80 ಕೆಜಿ. 30 ಟನ್ ಎಲ್ಲಿ, 80 ಕೆಜಿ ಎಲ್ಲಿ!

ಇದನ್ನು ಓದಿ ‘ಹಾಗಾದರೆ ನಮ್ಮದೇನೂ ಇಲ್ಲ, ಎಲ್ಲ ಪಂಪ್ ಓಡಿಸುವವರದ್ದು’ ಅನ್ನಿಸಬಹುದು. ಹಾಗಲ್ಲ, ಅದರ ಒಂದು ಭಾಗ ನಿಮ್ಮ ಕೈಯಲ್ಲೇ ಇದೆ. ಪಂಪಿನ ದಕ್ಷತೆ ಶೇ 50ರಿಂದ 51ಕ್ಕೆ ಏರಿತು ಅಂದುಕೊಳ್ಳಿ. ಅಷ್ಟೇ ನೀರಿಗೆ ಹತ್ತು ವರ್ಷದಲ್ಲಿ ಸುಮಾರು 600 ಕೆಜಿ ಉಳಿಯುತ್ತದೆ. ನಿಮ್ಮ ಬೀಡಿನ ಇಡೀ ಹೊರೆಯ ಏಳು ಪಟ್ಟು. ಆ ಒಂದು ಅಂಶ ಎಲ್ಲಿಂದ ಬರುತ್ತದೆ? ಕೇಸಿಂಗಿನ ಒಳಗಿನ ನೀರಿನ ದಾರಿಯಿಂದ. ಅಲ್ಲಿ ಒರಟು ಇದ್ದರೆ ನೀರು ಉಜ್ಜಿಕೊಂಡು ಹೋಗುತ್ತದೆ. ಕೋರ್ ಸ್ವಲ್ಪ ಸರಿದರೆ ಇಂಪೆಲ್ಲರಿನ ಒಂದು ದಾರಿ ಅಗಲ, ಒಂದು ಕಿರಿದು ಆಗುತ್ತದೆ. ಎರಡು ಕೋರ್ ಕೂಡುವಲ್ಲಿ ಏಳುವ ತೆಳು ರೆಕ್ಕೆ ಒಳಗೇ ಉಳಿದಿರುತ್ತದೆ, ಫೆಟ್ಲಿಂಗಿನವರ ಕೈ ಅಲ್ಲಿಗೆ ಹೋಗುವುದಿಲ್ಲ. ಕೋರಿಗೆ ಸಣ್ಣ ಕಣದ ಮರಳು, ಸರಿಯಾದ ಕೋಟಿಂಗ್, ಸವೆಯದ ಕೋರ್ ಬಾಕ್ಸ್ (ಕೋರಿನ ಅಚ್ಚು), ಗಟ್ಟಿ ಕೋರ್ ಪ್ರಿಂಟ್ (ಕೋರ್ ಕೂರುವ ಜಾಗ). ಈ ನಾಲ್ಕು ಹಳೆಯ ವಿಷಯಗಳೇ ಈ ಪಂಪಿನ ಲೈಫ್ ಸೈಕಲ್ಲಿನಲ್ಲಿ ನೀವು ಮಾಡಬಹುದಾದ ಅತಿ ದೊಡ್ಡ ಪರಿಸರ ಕೆಲಸ. ಪುಣೆಯ ಗಿರಾಕಿಯ ಡಿಸೈನ್ ವಿಭಾಗದವರ ಜೊತೆ ಕೂತು ಮಾತಾಡಿ. ಒಂದೇ ಬ್ಯಾಚಿನ ನುಣುಪಾದ ಹತ್ತು, ಮಾಮೂಲಿ ಹತ್ತು ಕೇಸಿಂಗ್ ಕೊಟ್ಟು ಅವರ ಟೆಸ್ಟ್ ಬೆಡ್ ಮೇಲೆ ಅಳೆಯಲು ಹೇಳಿ.

ಇಲ್ಲೂ ಒಂದು ತೊಡಕು ಇದೆ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಕರೆಂಟು ಉಚಿತ. ಪಂಪು ಚೆನ್ನಾದರೆ ರೈತರ ಬಿಲ್ಲೇನೂ ಇಳಿಯುವುದಿಲ್ಲ. ಕರೆಂಟು ಇದ್ದಷ್ಟು ಹೊತ್ತೂ ಮೋಟಾರ್ ಓಡುತ್ತದೆ, ನೀರು ಇನ್ನಷ್ಟು ಮೇಲೆ ಬರುತ್ತದೆ, ಬಾವಿ ಬೇಗ ಬತ್ತಬಹುದು. ಅದಕ್ಕೇ ನಿಮ್ಮ ವರದಿಯಲ್ಲಿ ‘ಒಂದು ವರ್ಷ ಓಡಿದ ಪಂಪು’ ಅಂತ ಲೆಕ್ಕ ಹಾಕಬೇಡಿ, ‘ಇಷ್ಟು ಎತ್ತರಕ್ಕೆ ಎತ್ತಿದ ಇಷ್ಟು ನೀರು’ ಅಂತ ಹಾಕಿ. ಲೆಕ್ಕದ ಅಳತೆಗೋಲು ಯಾವುದು ಅನ್ನುವುದರ ಮೇಲೆ ಉತ್ತರ ತುಂಬ ಬದಲಾಗುತ್ತದೆ. ಗೇಟಿನವರೆಗಿನ ಲೆಕ್ಕಕ್ಕೂ ಇದೇ ಮಾತು. ಕೇಸಿಂಗಿನ ತೂಕ 12 ಕೆಜಿಯಿಂದ 10.5ಕ್ಕೆ ಇಳಿಸಿದರೆ ಕೆಜಿ ಲೆಕ್ಕದಲ್ಲಿ ಏನೂ ಬದಲಾಗದು, ಒಂದು ಪೀಸಿನ ಲೆಕ್ಕದಲ್ಲಿ ಎಂಟರಲ್ಲಿ ಒಂದು ಪಾಲು ಉಳಿಯುತ್ತದೆ. ಪೀಸ್ ಲೆಕ್ಕವೇ ಕೊಡಿ.

ಶುರು ಮಾಡುವುದು ಹೇಗೆ ಅಂತ ಕೇಳಿದ್ದೀರಿ. ಕನ್ಸಲ್ಟೆಂಟ್ ಈಗಲೇ ಬೇಡ. ಫರ್ನೇಸಿಗೆ, ಸ್ಯಾಂಡ್ ಪ್ಲಾಂಟಿಗೆ, ಕಂಪ್ರೆಸರಿಗೆ ಒಂದೊಂದು ಬೇರೆ ಮೀಟರ್ ಕೂರಿಸಿ. ಒಂದೇ ಬಿಲ್ಲಿನಿಂದ ಏನೂ ತಿಳಿಯುವುದಿಲ್ಲ. ಪ್ರತಿ ಹೀಟಿಗೆ ಏನೇನು ಎಷ್ಟೆಷ್ಟು ಕೆಜಿ ಹಾಕಿದಿರಿ ಅಂತ ತೂಗಿ ಬರೆಯಿರಿ, ಅಂದಾಜಿನಲ್ಲಿ ಬರೆಯಬೇಡಿ. ಹೊಸ ಮರಳು ಎಷ್ಟು ಬಂತು, ಹಳೆಯದು ಎಷ್ಟು ಹೋಯಿತು, ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಗೇಟಿನ ತೂಕದ ಚೀಟಿ ಇಡಿ. ರಿಜೆಕ್ಷನ್ನನ್ನು ಐಟಂ ಪ್ರಕಾರ ಬರೆಯಿರಿ. ಮೂರು ತಿಂಗಳಲ್ಲಿ ಕಚ್ಚಾ ಲೆಕ್ಕ ಸಿಗುತ್ತದೆ, ಆದರೆ ಗಿರಾಕಿಗೆ ಕೊಡುವ ಅಂಕಿಗೆ ಒಂದು ಪೂರ್ತಿ ವರ್ಷ ಬೇಕು. ಬೆಳಗಾವಿಯ ಮಳೆಗಾಲ ನಿಮಗೇ ಗೊತ್ತು. ಒದ್ದೆ ಸ್ಕ್ರ್ಯಾಪ್, ಒದ್ದೆ ಮರಳಿನ ಜುಲೈ ತಿಂಗಳೂ ಒಣ ಮಾರ್ಚ್ ತಿಂಗಳೂ ಒಂದೇ ಅಲ್ಲ.

ಪಿಗ್ ಐರನ್ ಕೊಡುವವರಿಗೆ ಇವತ್ತೇ ಒಂದು ಪತ್ರ ಬರೆಯಿರಿ. ಅವರ ಕಾರ್ಬನ್ ಅಂಕಿ ಕೇಳಿ. ವಿದೇಶಿ ಡೇಟಾಬೇಸಿನ ಸರಾಸರಿ ಅಂಕಿ ಹಾಕಿದರೆ ನಿಮ್ಮ ಲೆಕ್ಕದ ಹತ್ತಿರ ಹತ್ತಿರ ಅರ್ಧ ಭಾಗ ಬೇರೆ ಯಾವುದೋ ದೇಶದ ಕುಲುಮೆಯದ್ದಾಗುತ್ತದೆ. ನೀವೊಬ್ಬರೇ ಕೇಳಿದರೆ ಉತ್ತರ ಬರದೇ ಇರಬಹುದು. ಉದ್ಯಮಬಾಗದ ಇಪ್ಪತ್ತು ಫೌಂಡ್ರಿಗಳು ಒಂದೇ ಪತ್ರಕ್ಕೆ ಸಹಿ ಹಾಕಿ ಕಳಿಸಿದರೆ ಬರುತ್ತದೆ.

ಸೋಲಾರ್ ಹಾಕುವ ಯೋಚನೆ ಇದ್ದರೆ ಮಾಡಿ, ಒಳ್ಳೆಯದೇ. ಆದರೆ ಯೀಲ್ಡ್, ಮುಚ್ಚಳ, ಕಾಯುವ ಹೊತ್ತು, ಕಂಪ್ರೆಸರಿನ ಗಾಳಿ ಸೋರಿಕೆ ಇವನ್ನು ಮೊದಲು ಸರಿಮಾಡಿ. ಆಗ ಬೇಕಾಗುವ ಪ್ಯಾನೆಲ್ಲುಗಳೂ ಕಡಿಮೆ. ರಾತ್ರಿ ಪಾಳಿಯಲ್ಲಿ ಕರಗಿಸುತ್ತಿದ್ದರೆ ಹಗಲಿನ ಸೋಲಾರ್ ತೋರಿಸಿ ‘ಸೂರ್ಯನ ಶಕ್ತಿಯಿಂದ ಕರಗಿಸಿದ ಕಾಸ್ಟಿಂಗ್’ ಅಂತ ಬರೆಯಬೇಡಿ. ಯಾರಾದರೂ ಕರೆಂಟು ಬಿಲ್ಲಿನ ಹೊತ್ತಿನ ಪಟ್ಟಿ ಕೇಳಿದರೆ ನಿಲ್ಲುವುದಿಲ್ಲ.

ಗಿರಾಕಿಗೆ ಸದ್ಯಕ್ಕೆ ಹೀಗೆ ಬರೆದು ಕಳಿಸಿ: ‘ಗಣಿಯಿಂದ ನಮ್ಮ ಗೇಟಿನವರೆಗಿನ ಕಚ್ಚಾ ಲೆಕ್ಕ ಮೂರು ತಿಂಗಳಲ್ಲಿ ಕೊಡುತ್ತೇವೆ. ಅಳೆದ ಅಂಕಿ ಯಾವುದು, ಅಂದಾಜು ಯಾವುದು ಅಂತ ಗುರುತು ಹಾಕಿರುತ್ತೇವೆ. ವರ್ಷದ ಲೆಕ್ಕ ಆಮೇಲೆ.’ ಇಂಥ ಪತ್ರವನ್ನು ಬೇಡ ಅಂದ ಗಿರಾಕಿಯನ್ನು ನಾನು ಇದುವರೆಗೆ ನೋಡಿಲ್ಲ. ಮೂರನೆಯವರಿಂದ ದೃಢೀಕರಿಸಿದ ಘೋಷಣೆಯೇ ಬೇಕು ಅಂದರೆ ಆಗ ಕನ್ಸಲ್ಟೆಂಟರನ್ನು ಕರೆಯಿರಿ. ಆ ಹೊತ್ತಿಗೆ ನಿಮ್ಮ ಹೀಟ್ ಪುಸ್ತಕ ತುಂಬಿರುತ್ತದೆ, ಅವರಿಗೆ ಕೆಲಸ ಕಡಿಮೆ, ನಿಮಗೆ ಫೀಸು ಕಡಿಮೆ. ಮೊದಲ ತಿಂಗಳ ಮೀಟರ್ ಅಂಕಿ ಮತ್ತು ಚಾರ್ಜ್ ಪಟ್ಟಿ ಬಂದ ಮೇಲೆ ಮತ್ತೆ ಬರೆಯಿರಿ. ಯಾವ ಐಟಂನಿಂದ ಶುರು ಮಾಡಬೇಕು ಅಂತ ಕೂತು ನೋಡೋಣ.